ದೀಪಾವಳಿಗೆ ಹಣತೆ ಸೋಪು, ರಂಗೋಲಿ ಸೋಪು: ಮನೆಯಲ್ಲೇ ಮಾಡುವ ಪೂರ್ತಿ ವಿಧಾನ

ನಮ್ಮಲ್ಲಿ ದೀಪಾವಳಿ ಶುರುವಾಗುವುದೇ ಬಚ್ಚಲುಮನೆಯಿಂದ. ತ್ರಯೋದಶಿ ಸಂಜೆ ಹಂಡೆ ತೊಳೆದು, ರಂಗೋಲಿ ಎಳೆದು, ಹೂವು ಕಟ್ಟಿ ನೀರು ತುಂಬುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಂಡೆಗೆ ಹಿಂಡ್ಲೆಕಾಯಿ ಬಳ್ಳಿಯನ್ನೂ ಸುತ್ತುತ್ತಾರೆ. ಮಾರನೇ ದಿನ ನರಕ ಚತುರ್ದಶಿ, ಬೆಳಕು ಹರಿಯುವ ಮೊದಲೇ ಎಣ್ಣೆ ಸ್ನಾನ. ಹೀಗಿರುವಾಗ ದೀಪಾವಳಿಗೆ ಕೈಯಾರೆ ಮಾಡಿದ ಸೋಪು ಉಡುಗೊರೆ ಕೊಡುವುದು ಎಲ್ಲಿಂದಲೋ ಬಂದ ಫ್ಯಾಷನ್ ಅನ್ನಿಸುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಅಲಂಕಾರದ ಸೋಪು ಎಣ್ಣೆ ಸ್ನಾನದ ಜಿಡ್ಡು ತೆಗೆಯುವುದಕ್ಕಲ್ಲ. ಅದಕ್ಕೆ ಸೀಗೆಪುಡಿ, ಕಡಲೆಹಿಟ್ಟೇ ಸರಿ. ಇದು ನೆಂಟರು ಬಂದಾಗ ಬೇಸಿನ್ ಹತ್ತಿರ ಇಡುವುದಕ್ಕೆ, ಅರಿಶಿನ ಕುಂಕುಮದ ಜೊತೆ ಕೈಗೆ ಕೊಡುವುದಕ್ಕೆ, ಆಫೀಸಿನವರಿಗೆ ಸ್ವೀಟ್ ಬಾಕ್ಸ್ ಬದಲು ಕೊಡುವುದಕ್ಕೆ.

ಇಲ್ಲಿ ಎರಡು ಬಗೆ ವಿವರವಾಗಿ ಹೇಳುತ್ತೇನೆ: ಮಣ್ಣಿನ ಹಣತೆಯಂಥ ಸೋಪು, ಮತ್ತೆ ಮೇಲೆ ಬಿಳಿ ರಂಗೋಲಿ ಇರುವ ಸೋಪು. ಕೊನೆಗೆ ಸಂಕ್ರಾಂತಿಗೆ ಸಕ್ಕರೆ ಅಚ್ಚಿನ ಆಕಾರದ್ದು. ಮೂರಕ್ಕೂ ಬೇಕಾದ ಕೌಶಲ ಒಂದೇ. ಕರಗಿದ ಸೋಪನ್ನು ಎಷ್ಟು ಬಿಸಿ ಇರುವಾಗ ಹುಯ್ಯಬೇಕು ಎಂಬುದು ತಿಳಿದರೆ ಸಾಕು. ಚೆನ್ನಾಗಿ ಬರದ ಸೋಪುಗಳಲ್ಲಿ ಹೆಚ್ಚಿನವು ಕೆಡುವುದು ಶಾಖ ತಪ್ಪಿದ್ದರಿಂದ, ಇಲ್ಲವೇ ಕಂಡಿದ್ದನ್ನೆಲ್ಲ ಒಳಗೆ ಹಾಕಿದ್ದರಿಂದ.

ಕಾಸ್ಟಿಕ್ ಸೋಡಾ ಬೇಡ

ಸೋಪನ್ನು ಮೊದಲಿಂದ ಮಾಡಬೇಕಾದರೆ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಬೇಕು. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಾಗೆ ಮಾಡಿದ ಸೋಪು ಒಣಗಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಹಬ್ಬ ಎರಡು ವಾರ ಇರುವಾಗ ನೆನಪಾಗುವ ನಮ್ಮಂಥವರಿಗೆ ಅದು ಆಗದ ಮಾತು.

ಅದರ ಬದಲು ಸೋಪ್ ಬೇಸ್ ತನ್ನಿ. 'ಮೆಲ್ಟ್ ಅಂಡ್ ಪೋರ್' ಎಂದು ಕೇಳಿದರೆ ಕೊಡುತ್ತಾರೆ. ಇದರಲ್ಲಿ ಎಣ್ಣೆ, ಸೋಡಾ ಸೇರಿ ಸೋಪಾಗುವ ಕೆಲಸ ಮುಗಿದಿರುತ್ತದೆ. ಜೊತೆಗೆ ಗ್ಲಿಸರಿನ್ ಇರುತ್ತದೆ. ನಾವು ಕರಗಿಸಿ, ಬಣ್ಣ, ಪರಿಮಳ ಸೇರಿಸಿ, ಅಚ್ಚಿಗೆ ಹುಯ್ದರೆ ಆಯಿತು. ಗಟ್ಟಿಯಾದ ದಿನವೇ ಬಳಸಬಹುದು. 'ಇದು ನಿಜವಾದ ಸೋಪು ಮಾಡಿದ ಹಾಗಲ್ಲ' ಎಂದು ಮೂಗು ಮುರಿಯುವವರು ಇದ್ದಾರೆ. ಇರಲಿ ಬಿಡಿ. ಅಲಂಕಾರದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ತಪ್ಪಿದರೆ ಮತ್ತೆ ಕರಗಿಸಬಹುದಲ್ಲ!

ತರಬೇಕಾದ ಸಾಮಾನು

ಆರು ಹಣತೆ, ಆರು ರಂಗೋಲಿ ಸೋಪಿಗೆ ಲೆಕ್ಕ ಹೇಳುತ್ತೇನೆ. ಪಾರದರ್ಶಕ ಬೇಸ್ 1 ಕೆಜಿ, ಬಿಳಿ ಬೇಸ್ 250 ಗ್ರಾಂ. ಬೇಸ್ ಕೊಳ್ಳುವಾಗ 'ಲೋ ಸ್ವೆಟ್', ಅಂದರೆ ಕಡಿಮೆ ಬೆವರುವುದು, ಎಂದು ಬರೆದದ್ದು ಸಿಕ್ಕರೆ ಅದನ್ನೇ ತನ್ನಿ. ಯಾಕೆ ಎಂಬುದು ಮುಂದೆ ಬರುತ್ತದೆ.

ಅಚ್ಚು ಸಿಲಿಕೋನಿನದೇ ಇರಲಿ. ಹಣತೆಗೆ 6 ಸೆಂ.ಮೀ. ಅಗಲದ ಅರ್ಧಗೋಳದ ಅಚ್ಚು ಬೇಕು. ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಒಂದೊಂದು ಗುಳಿಯಲ್ಲಿ ಸುಮಾರು 55 ಮಿ.ಲೀ. ಹಿಡಿಯುತ್ತದೆ. ರಂಗೋಲಿ ಸೋಪಿಗೆ ಚಪ್ಪಟೆ ತಳದ, ದುಂಡನೆಯ ಅಥವಾ ಆಯತಾಕಾರದ ಅಚ್ಚು, 90 ಮಿ.ಲೀ. ಆಸುಪಾಸಿನದು. ನಿಮ್ಮ ಅಚ್ಚು ಎಷ್ಟು ಹಿಡಿಯುತ್ತದೋ ಗೊತ್ತಿಲ್ಲದಿದ್ದರೆ ನೀರು ತುಂಬಿ, ಆ ನೀರನ್ನು ತೂಗಿ. ಸೋಪು ಅದಕ್ಕಿಂತ ಒಂಚೂರು ಜಾಸ್ತಿ ತೂಗುತ್ತದೆ, ಅಷ್ಟೇ ವ್ಯತ್ಯಾಸ. ಆಮೇಲೆ ಅಚ್ಚನ್ನು ಪೂರ್ತಿ ಒಣಗಿಸಿ. ಹನಿ ನೀರು ಉಳಿದರೂ ಸೋಪಿನ ಮುಖದ ಮೇಲೆ ಕಲೆ ಬೀಳುತ್ತದೆ.

ಸ್ಟೀಲ್, ಅಲ್ಯೂಮಿನಿಯಂ ಅಚ್ಚುಗಳಿಂದ ಸೋಪು ಬಿಡಿಸುವುದು ಕಷ್ಟ. ಮೋದಕದ ಅಚ್ಚು ಮನೆಯಲ್ಲಿದೆ, ಅದರಲ್ಲೇ ಮಾಡೋಣ ಅನ್ನಿಸಬಹುದು. ಮಾಡಬೇಡಿ. ಸೋಪಿನ ವಾಸನೆ ಹಿಡಿದ ಅಚ್ಚಿನಲ್ಲಿ ಮುಂದಿನ ಚೌತಿಗೆ ಮೋದಕ ಮಾಡುವ ಹಾಗಿಲ್ಲ. ಸೋಪಿಗೆ ಬಳಸಿದ ಅಚ್ಚು, ಚಮಚ, ಪಾತ್ರೆ ಎಲ್ಲ ಸೋಪಿಗೇ ಮೀಸಲು.

ಇನ್ನು ಗ್ರಾಂ ತೋರಿಸುವ ತಕ್ಕಡಿ, ಅಡುಗೆಯ ಡಿಜಿಟಲ್ ಥರ್ಮಾಮೀಟರ್, ಮೂತಿ ಇರುವ ಒಂದೆರಡು ಪಾತ್ರೆ, ಸೂಜಿ ತೆಗೆದ 5 ಮಿ.ಲೀ. ಸಿರಿಂಜು, ಹಲ್ಲುಕಡ್ಡಿ, ಸಣ್ಣ ಚಾಕು, ಕ್ಲಿಂಗ್ ಫಿಲ್ಮ್ ಬೇಕು. ಥರ್ಮಾಮೀಟರ್ ದಂಡ ಅನ್ನಿಸಿದರೆ ಬೇರೆ ಯಾವುದರಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಕೊನೆಯದಾಗಿ, ಸ್ಪ್ರೇ ಬಾಟಲಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್. ಈ ಬರಹದಲ್ಲಿ ಸ್ಪಿರಿಟ್ ಎಂದರೆ ಇದೇ. ಮೆಡಿಕಲ್ ಶಾಪಿನಲ್ಲಿ 70 ಪರ್ಸೆಂಟಿನದು ಸಿಗುತ್ತದೆ. ಇದು ಎರಡು ಕೆಲಸ ಮಾಡುತ್ತದೆ: ಮೇಲಿನ ಗುಳ್ಳೆ ಒಡೆಯುತ್ತದೆ, ಒಂದು ಪದರಕ್ಕೆ ಇನ್ನೊಂದು ಪದರ ಅಂಟಲು ಸಹಾಯ ಮಾಡುತ್ತದೆ. ಆದರೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಗ್ಯಾಸ್ ಆರಿಸಿ, ಒಲೆಯಿಂದ ದೂರ ಬಂದ ಮೇಲೆಯೇ ಸ್ಪ್ರೇ ಮಾಡಿ. ಪಕ್ಕದಲ್ಲಿ ದೀಪ, ಊದುಬತ್ತಿ ಹಚ್ಚಿಟ್ಟುಕೊಂಡು ಈ ಕೆಲಸ ಬೇಡ.

ಬಣ್ಣ: ಅಂಗಡಿಯ ಕುಂಕುಮ, ರಂಗೋಲಿ ಪುಡಿ ಬೇಡ

ಸೋಪಿಗೆಂದೇ ಮಾರುವ ಮೈಕಾ (ಹೊಳೆಯುವ ಬಣ್ಣದ) ಪುಡಿ ಅಥವಾ ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿ) ಬಳಸಿ. 100 ಗ್ರಾಂ ಬೇಸಿಗೆ ಕಾಲು ಟೀ ಚಮಚಕ್ಕಿಂತ ಜಾಸ್ತಿ ಬೇಡ. ಪುಡಿಯನ್ನು ನೇರ ಹಾಕಿದರೆ ಗಂಟು ಕಟ್ಟುತ್ತದೆ. ಮೊದಲು ಒಂದು ಚಮಚ ಗ್ಲಿಸರಿನ್ ಅಥವಾ ಸ್ಪಿರಿಟ್‌ನಲ್ಲಿ ಕಲಸಿ, ಆಮೇಲೆ ಸೇರಿಸಿ. ಸ್ಪಿರಿಟ್‌ನಲ್ಲಿ ಕಲಸುವುದಾದರೆ ಅದೂ ಒಲೆಯಿಂದ ದೂರವೇ.

ಅಡುಗೆಯ ಬಣ್ಣ ಹಾಕಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಒಂದೇ ಬಣ್ಣದ ಸೋಪಾದರೆ ನಡೆಯುತ್ತದೆ. ರಂಗೋಲಿ ಸೋಪಿಗೆ ಮಾತ್ರ ಬೇಡವೇ ಬೇಡ. ಆ ಬಣ್ಣ ನೀರಿನಲ್ಲಿ ಕರಗುವಂಥದ್ದು. ಸೋಪಿನೊಳಗೇ ಮೆಲ್ಲಗೆ ಹರಡುತ್ತದೆ. ಕೆಂಪು ಸೋಪಿನ ಮೇಲೆ ಎಳೆದ ಬಿಳಿ ಗೆರೆ ಕೆಲವೇ ದಿನಕ್ಕೆ ಗುಲಾಬಿಯಾಗಿ ಕೂತಿರುತ್ತದೆ. ಮೈಕಾ, ಪಿಗ್ಮೆಂಟ್ ಹಾಗೆ ಹರಡುವುದಿಲ್ಲ. ಆದರೂ ಹೊಸದಾಗಿ ತಂದ ಬಣ್ಣವನ್ನು ಸಣ್ಣ ತುಂಡಿನಲ್ಲಿ ಬಿಳಿಯ ಪಕ್ಕ ಹುಯ್ದು ನಾಲ್ಕು ದಿನ ಇಟ್ಟು ನೋಡಿ.

ಅರಿಶಿನ ಸ್ವಲ್ಪ ತಮಾಷೆಯ ವಸ್ತು. ಹಳದಿ ಸೋಪು ಬರುತ್ತದೆ ಎಂದುಕೊಂಡು ಹಾಕಿದರೆ ಕಿತ್ತಳೆಯೋ ಕಂದೋ ಆಗುತ್ತದೆ. ಸೋಪು ಕ್ಷಾರ ಗುಣದ್ದು, ಕ್ಷಾರ ತಗುಲಿದರೆ ಅರಿಶಿನ ಕೆಂಪಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ನೀರು ಮಾಡುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ. ಬಿಸಿಲಿಗೆ ಅರಿಶಿನದ ಬಣ್ಣ ಮಾಸುತ್ತದೆ, ಟವೆಲ್ಲಿಗೆ ಕಲೆಯೂ ಹಿಡಿಯಬಹುದು. 500 ಗ್ರಾಮಿಗೆ ಕಾಲು ಟೀ ಚಮಚ ಸಾಕು.

ಪೂಜೆಯ ಕುಂಕುಮ, ರಂಗೋಲಿ ಬಣ್ಣ, ಹೋಳಿ ಬಣ್ಣ ಇವನ್ನು ಮೈಗೆ ಹಚ್ಚುವ ಸೋಪಿಗೆ ಹಾಕಬಾರದು. ಅವುಗಳಲ್ಲಿ ಏನೇನಿದೆ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುವುದಿಲ್ಲ. ಮಕ್ಕಳ ಕ್ರಾಫ್ಟ್ ಗ್ಲಿಟರ್ ಕೂಡ ಬೇಡ. ಅದರ ಅಂಚು ಹರಿತ, ಮುಖ ತೊಳೆಯುವಾಗ ಕಣ್ಣಿಗೆ ಹೋದರೆ ಗೀರುತ್ತದೆ.

ಪರಿಮಳ

ನೂರು ವರ್ಷಕ್ಕೂ ಹಿಂದೆ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸೋಪು ಕಾರ್ಖಾನೆ ಶುರುವಾಯಿತು. ಅಂದಿನಿಂದ ನಮ್ಮ ಮೂಗಿಗೆ ಒಳ್ಳೆಯ ಸೋಪು ಎಂದರೆ ಶ್ರೀಗಂಧ. ಆದರೆ ನಿಜವಾದ ಗಂಧದೆಣ್ಣೆಯ ಬೆಲೆ ಕೇಳಿದರೆ ಸೋಪು ಮಾಡುವ ಆಸೆಯೇ ಬಿಟ್ಟುಹೋದೀತು. ಗಂಧದ ಪರಿಮಳದ ಫ್ರೇಗ್ರೆನ್ಸ್ ಆಯಿಲ್ ಸಾಕು. ಮೈಗೆ ಬಳಸಬಹುದು, ಸೋಪಿಗೆ ಆಗುತ್ತದೆ ಎಂದು ಬಾಟಲಿ ಮೇಲೆ ಇರಬೇಕು. ಡಿಫ್ಯೂಸರ್‌ಗೆ, ಊದುಬತ್ತಿಗೆ ಎಂದು ಮಾರುವುದು ಬೇಡ.

100 ಗ್ರಾಂ ಬೇಸಿಗೆ ಒಂದೂವರೆಯಿಂದ 2 ಮಿ.ಲೀ. ಫ್ರೇಗ್ರೆನ್ಸ್ ಆಯಿಲ್ ಮಿತಿ. ಎಸೆನ್ಷಿಯಲ್ ಆಯಿಲ್ (ಗಿಡಗಳಿಂದಲೇ ಇಳಿಸಿದ ಪರಿಮಳದ ಎಣ್ಣೆ) ಆದರೆ 1 ಮಿ.ಲೀ. ಸಾಕು. ಬಾಟಲಿಯವರು ಇನ್ನೂ ಕಡಿಮೆ ಹೇಳಿದ್ದರೆ ಅವರ ಮಾತೇ ಅಂತಿಮ. ಇದಕ್ಕಿಂತ ಜಾಸ್ತಿ ಹಾಕಿದರೆ ಸೋಪಿನ ಮೈಮೇಲೆ ಎಣ್ಣೆಯ ಹನಿ ಒಸರುತ್ತದೆ, ಚರ್ಮವೂ ಉರಿಯಬಹುದು. ಲವಂಗ, ದಾಲ್ಚಿನ್ನಿ ಎಣ್ಣೆಗಳು ಹಬ್ಬದ ವಾಸನೆ ಕೊಡುತ್ತವೆ ನಿಜ. ಆದರೆ ಬಲು ತೀಕ್ಷ್ಣ. ಹೊಸಬರು ಬಿಟ್ಟುಬಿಡುವುದು ಒಳ್ಳೆಯದು. ಪಚ್ಚಕರ್ಪೂರವೂ ಬೇಡ. ಕರ್ಪೂರ ಎಳೆಮಕ್ಕಳಿಗೆ ಅಪಾಯ.

ವೆನಿಲಾ ಇರುವ ಪರಿಮಳ ಬಿಳಿ ಸೋಪನ್ನು ದಿನ ಕಳೆದಂತೆ ಕಂದು ಮಾಡುತ್ತದೆ. ರಂಗೋಲಿಯ ಬಿಳಿಗೆ ಯಾವ ಪರಿಮಳವನ್ನೂ ಸೇರಿಸದೆ ಬಿಡಿ, ತೊಂದರೆಯೇ ಇಲ್ಲ.

ಹಾಲು, ಮೊಸರು, ಹಣ್ಣಿನ ರಸ, ಹಸಿ ಲೋಳೆಸರ, ತಾಜಾ ಹೂವಿನ ಎಸಳು, ಇವೆಲ್ಲ ಹಾಕಿ ಮಾಡುವ ವಿಡಿಯೊ ನೋಡಿರುತ್ತೀರಿ. ಸೋಪಿನೊಳಗೆ ಅವು ಕೊಳೆಯುತ್ತವೆ. ಒಣಗಿಸಿದ ಗುಲಾಬಿ ಎಸಳು ಕೊಳೆಯುವುದಿಲ್ಲ, ಆದರೆ ಕೆಲವೇ ದಿನದಲ್ಲಿ ಕಂದಾಗಿ ಸತ್ತ ಹುಳದ ಹಾಗೆ ಕಾಣುತ್ತದೆ. ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ 500 ಗ್ರಾಮಿಗೆ ಒಂದು ಟೀ ಚಮಚದ ಮೇಲೆ ಹೋದರೆ ನೊರೆ ಕಡಿಮೆಯಾಗುತ್ತದೆ. ಬೇಸ್ ತನ್ನಷ್ಟಕ್ಕೇ ಪೂರ್ಣ. ಸುಮ್ನೆ ಅದನ್ನು ಕಾಡಬೇಡಿ.

ಕರಗಿಸುವುದು

ಬೇಸನ್ನು 2 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ. ಎಲ್ಲ ತುಂಡೂ ಹೆಚ್ಚುಕಡಿಮೆ ಒಂದೇ ಅಳತೆ ಇದ್ದರೆ ಒಟ್ಟಿಗೆ ಕರಗುತ್ತವೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದರೊಳಗೆ ಬೇಸಿನ ಪಾತ್ರೆ ಇಡಿ. ನೀರು ಮಳ್ಳುವುದು ಬೇಡ, ಸಣ್ಣ ಉರಿಯಲ್ಲಿ ಬಿಸಿಯಾಗಿದ್ದರೆ ಸಾಕು. ಮೇಲೆ ತಟ್ಟೆ ಮುಚ್ಚಿ. ಮುಚ್ಚದಿದ್ದರೆ ಬೇಸಿನಲ್ಲಿರುವ ನೀರಿನಂಶ ಹೋಗಿ ಮಂದವಾಗುತ್ತದೆ. ಮೈಕ್ರೋವೇವ್ ಇದ್ದರೆ ಮೊದಲು 30 ಸೆಕೆಂಡು, ಆಮೇಲೆ ಹತ್ತು ಹತ್ತು ಸೆಕೆಂಡು ಇಟ್ಟು ಪ್ರತಿ ಸಲವೂ ಕದಡಿ.

ಬೇಸ್ ಸುಮಾರು 60ರಿಂದ 65 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ. 75 ದಾಟಿಸಬೇಡಿ. ಕುದಿಸಿದರೆ ಹಳದಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಆರಿದ ಮೇಲೆ ರಬ್ಬರಿನಂತಾಗುತ್ತದೆ. ಕೊನೆಯ ಒಂದೆರಡು ತುಂಡು ಉಳಿದಿರುವಾಗಲೇ ಇಳಿಸಿಬಿಡಿ. ಆ ಬಿಸಿಗೇ ಅವು ಕರಗುತ್ತವೆ. ಕದಡುವಾಗ ಮೊಸರು ಕಡೆದಂತೆ ಕಡೆಯಬೇಡಿ. ಮೆಲ್ಲಗೆ ತಿರುಗಿಸಿ. ಗುಳ್ಳೆ ಬರುವುದೇ ಆ ಅವಸರದಿಂದ.

ಬಣ್ಣವನ್ನು ಬಿಸಿ ಇರುವಾಗಲೇ ಸೇರಿಸಿ. ಪರಿಮಳವನ್ನು ಮಾತ್ರ 60ಕ್ಕೆ ಇಳಿದ ಮೇಲೆ, ಹುಯ್ಯುವ ಮುಂಚೆ. ಇಲ್ಲದಿದ್ದರೆ ಅಡುಗೆಮನೆಗೆಲ್ಲ ಗಂಧ, ಸೋಪಿಗೆ ಏನೂ ಇಲ್ಲ.

ಈಗ ಹುಯ್ಯುವ ಬಿಸಿ. ಖಾಲಿ ಸಿಲಿಕೋನ್ ಅಚ್ಚಿಗೆ 58ರಿಂದ 60 ಡಿಗ್ರಿ. ಮೊದಲೇ ಗಟ್ಟಿಯಾದ ಸೋಪಿನ ಮೇಲೆ ಇನ್ನೊಂದು ಪದರ ಹುಯ್ಯುವಾಗ 50ರಿಂದ 52. ಇದಕ್ಕಿಂತ ಬಿಸಿ ಇದ್ದರೆ ಕೆಳಗಿನದು ಕರಗಿ ಬಣ್ಣಗಳು ಕಲಸಿಹೋಗುತ್ತವೆ. ತಣ್ಣಗಿದ್ದರೆ ಪದರ ಅಂಟುವುದಿಲ್ಲ, ಒಂದು ತಿಂಗಳ ನಂತರ ಬಚ್ಚಲಲ್ಲಿ ಎರಡು ಹೋಳಾಗಿ ಬೀಳುತ್ತದೆ. ಥರ್ಮಾಮೀಟರ್ ಇಲ್ಲದೆ ಹೇಳಬೇಕೆಂದರೆ, ಪಾತ್ರೆಯಲ್ಲಿರುವ ಸೋಪಿನ ಮೇಲೆ ತೆಳ್ಳಗೆ ಕೆನೆ ಕಟ್ಟಲು ಶುರುವಾಯಿತು ಎಂದರೆ 50ರ ಹತ್ತಿರ ಬಂದಿದೆ. ಆ ಕೆನೆಯನ್ನು ಚಮಚದಲ್ಲಿ ಸರಿಸಿ ಹುಯ್ಯಿರಿ.

ಹಣತೆ ಸೋಪು

ಮೊದಲು ಜ್ವಾಲೆ ಮಾಡಿಟ್ಟುಕೊಳ್ಳಿ. 40 ಗ್ರಾಂ ಪಾರದರ್ಶಕ ಬೇಸ್ ಕರಗಿಸಿ ಎರಡು ಪಾಲು ಮಾಡಿ. ಒಂದಕ್ಕೆ ಹಳದಿ, ಇನ್ನೊಂದಕ್ಕೆ ಕಿತ್ತಳೆ ಮೈಕಾ. ಚಪ್ಪಟೆ ತಳದ ಸಣ್ಣ ಸಿಲಿಕೋನ್ ಅಚ್ಚಿಗೆ ಎರಡನ್ನೂ ಎರಡು ಕಡೆಯಿಂದ ಒಟ್ಟಿಗೆ, 7–8 ಮಿ.ಮೀ. ದಪ್ಪಕ್ಕೆ ಹುಯ್ಯಿರಿ. ನಡುವೆ ಅವು ಕೂಡುವಲ್ಲಿ ತಾನೇ ಬೆರೆತುಕೊಂಡು ಚೆಂದ ಕಾಣುತ್ತದೆ. ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಆರು ಜ್ವಾಲೆ ಕತ್ತರಿಸಿ. ಬುಡ ಕಿತ್ತಳೆ, ತುದಿ ಹಳದಿ ಬರಲಿ. ಎಲ್ಲವೂ ಒಂದೇ ಥರ ಇರಬೇಕಿಲ್ಲ. ಉರಿಯುವ ದೀಪಗಳು ಒಂದೇ ಥರ ಇರುತ್ತವಾ?

ಆಮೇಲೆ ಹಣತೆಯ ಮೈ. ಮಣ್ಣಿನ ಬಣ್ಣಕ್ಕೆ ಬಿಳಿ ಬೇಸನ್ನೇ ಪೂರ್ತಿ ಬಳಸಿದರೆ ಎಷ್ಟು ಕೆಂಪು ಹಾಕಿದರೂ ಗುಲಾಬಿಯೇ. 300 ಗ್ರಾಂ ಪಾರದರ್ಶಕಕ್ಕೆ 100 ಗ್ರಾಂ ಬಿಳಿ ಸೇರಿಸಿ. ಸೋಪಿಗೆ ಬಳಸುವ ಕೆಂಪು ಕ್ಲೇ (ಜೇಡಿಮಣ್ಣಿನ ಪುಡಿ) ಎರಡು ಟೀ ಚಮಚವನ್ನು ಗ್ಲಿಸರಿನ್‌ನಲ್ಲಿ ನುಣ್ಣಗೆ ಕಲಸಿ ಹಾಕಿ. ಬೇಕಿದ್ದರೆ ಚಿಟಿಕೆ ಕಂದು ಮೈಕಾ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ, ಆರಿದ ಮೇಲಿನ ಬಣ್ಣ ಅಲ್ಲಿ ಗೊತ್ತಾಗುತ್ತದೆ. ಕ್ಲೇ ತಳಕ್ಕೆ ಇಳಿಯುತ್ತದೆ, ಹಾಗಾಗಿ ಇಲ್ಲಿ ಮಾತ್ರ 55ರವರೆಗೆ ಕದಡುತ್ತಾ ಆರಿಸಿ ಹುಯ್ಯಿರಿ. ಮೇಲೆ ಸ್ಪಿರಿಟ್ ಸ್ಪ್ರೇ ಮಾಡಿದರೆ ಗುಳ್ಳೆ ಹೋಗುತ್ತದೆ.

ಮೂರು ನಾಲ್ಕು ಗಂಟೆ ಅಲುಗಾಡಿಸದೆ ಬಿಡಿ. ಫ್ರೀಜರಿನಲ್ಲಿ ಇಡಬೇಡಿ. ಹೊರಗೆ ತೆಗೆದ ಕೂಡಲೇ ನೀರು ಕಟ್ಟಿಕೊಳ್ಳುತ್ತದೆ. ಬಿಡಿಸುವಾಗ ಮೊದಲು ಅಚ್ಚಿನ ಅಂಚನ್ನು ಸುತ್ತಲೂ ಎಳೆದು ಗಾಳಿ ಹೋಗುವಂತೆ ಮಾಡಿ, ಆಮೇಲೆ ತಳದಿಂದ ಎರಡೂ ಹೆಬ್ಬೆರಳಲ್ಲಿ ಒತ್ತಿ.

ಈಗ ಕೆತ್ತನೆ. ಇದನ್ನು ಅದೇ ದಿನ ಮಾಡಬೇಕು. ಹೊಸ ಸೋಪು ಬೆಣ್ಣೆಯಷ್ಟು ಸುಲಭವಾಗಿ ಹೆರೆಯುತ್ತದೆ. ಗುಂಡಗಿರುವ ತಳವನ್ನು ಸ್ವಲ್ಪ ಕತ್ತರಿಸಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಹಣತೆ ಉರುಳುತ್ತದೆ. ಮೇಲಿನ ಚಪ್ಪಟೆ ಮುಖದ ನಡುವೆ, 4 ಸೆಂ.ಮೀ. ಅಗಲ, 1 ಸೆಂ.ಮೀ. ಆಳಕ್ಕೆ ಸ್ಟೀಲ್ ಚಮಚದಲ್ಲಿ ತೋಡಿ. ಒಂದು ಕಡೆ ಅಂಚನ್ನು ಎರಡೂ ಬದಿಯಿಂದ ಓರೆಯಾಗಿ ಹೆರೆದರೆ ಹಣತೆಯ ಮೂತಿ ಬರುತ್ತದೆ. ಒದ್ದೆ ಬೆರಳಲ್ಲಿ ಸವರಿ ನುಣುಪು ಮಾಡಿ, ಬಟ್ಟೆಯಲ್ಲಿ ಒರೆಸಿ. ಹೆರೆದ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿಡಿ.

ಎಣ್ಣೆ ಹುಯ್ಯುವುದು ಕೊನೆಗೆ. 60 ಗ್ರಾಂ ಪಾರದರ್ಶಕ ಬೇಸಿಗೆ ಚೂರೇ ಚೂರು ಚಿನ್ನದ ಬಣ್ಣದ ಮೈಕಾ. ಎಳ್ಳೆಣ್ಣೆಯ ಬಣ್ಣ ಬಂದರೆ ಸಾಕು, ಹೊಳಪು ಜಾಸ್ತಿಯಾದರೆ ಎಣ್ಣೆ ಹೋಗಿ ಪೇಂಟ್ ಆಗುತ್ತದೆ. ತೋಡಿದ ಗುಳಿಗೆ ಹಲ್ಲುಕಡ್ಡಿಯಿಂದ ಅಡ್ಡಡ್ಡ ಗೀರಿ, ಸ್ಪಿರಿಟ್ ಸ್ಪ್ರೇ ಮಾಡಿ, 52 ಡಿಗ್ರಿಯಲ್ಲಿ ಹುಯ್ಯಿರಿ. ಒಂದೊಂದಕ್ಕೆ 7 ಮಿ.ಲೀ. ಆಸುಪಾಸು ಹಿಡಿಯುತ್ತದೆ. ತಕ್ಷಣ ಜ್ವಾಲೆಯ ಬುಡಕ್ಕೆ ಸ್ಪಿರಿಟ್ ಹೊಡೆದು, ಮೂತಿಯ ಹತ್ತಿರ ನಿಲ್ಲಿಸಿ, ಕೆನೆ ಕಟ್ಟಿ ಬಿಗಿಯುವ ತನಕ ಹಿಡಿದುಕೊಳ್ಳಿ. ಎರಡು ಮೂರು ನಿಮಿಷ ಅಷ್ಟೇ. ಇಬ್ಬರು ಸೇರಿ ಮಾಡಿದರೆ ಹಗುರ: ಒಬ್ಬರು ಹುಯ್ಯುವುದು, ಇನ್ನೊಬ್ಬರು ಹಿಡಿಯುವುದು. ಒಬ್ಬರೇ ಇದ್ದರೆ ಎರಡೆರಡೇ ಹಣತೆ ಮುಗಿಸುತ್ತಾ ಹೋಗಿ. ಉಳಿದ ಬೇಸ್ ಬಿಸಿ ನೀರಿನಲ್ಲಿ ಕೂತಿರಲಿ.

ರಂಗೋಲಿ ಸೋಪು

ರಂಗೋಲಿಯ ವಿನ್ಯಾಸವಿರುವ ಸಿಲಿಕೋನ್ ಅಚ್ಚುಗಳು ಮಾರುಕಟ್ಟೆಯಲ್ಲಿ ಇವೆ. ಅದರಲ್ಲಿ ಹುಯ್ದರೆ ಕೆಲಸ ಬೇಗ ಆಗುತ್ತದೆ, ಆದರೆ ಎಲ್ಲರ ಮನೆಯದೂ ಒಂದೇ ಥರ. ನನಗೆ ಇಷ್ಟ ಆಗುವುದು ಕೈಯಲ್ಲಿ ಗೀರಿ ತುಂಬುವುದು. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದಂತೆ: ಮರದಲ್ಲಿ ಗುಳಿ ತೋಡಿ ಬೇರೆ ಬಣ್ಣದ ತುಂಡು ಕೂರಿಸುತ್ತಾರಲ್ಲ, ಇಲ್ಲಿ ಗೆರೆ ತೋಡಿ ಬಿಳಿ ಸೋಪು ತುಂಬುತ್ತೇವೆ.

ಯಾವ ಚಿತ್ತಾರ ಆರಿಸಿಕೊಳ್ಳುತ್ತೀರಿ ಎಂಬುದು ಮುಖ್ಯ. ಬಳ್ಳಿಯಂತೆ ಸುತ್ತುವ ಗೆರೆ ಸೋಪಿನ ಮೇಲೆ ಕಷ್ಟ, ಕಡ್ಡಿ ಜಾರುತ್ತದೆ. ಮೂರು ಮೂರರ ನೇರ ಚುಕ್ಕಿ ಇಟ್ಟು ನೇರ ಗೆರೆಯಲ್ಲಿ ಸೇರಿಸುವ ಸಣ್ಣ ರಂಗೋಲಿ ಮೊದಲಿಗೆ ಸಾಕು. ಇನ್ನೂ ಚೆಂದ ಬೇಕಿದ್ದರೆ ಹಸೆ ಚಿತ್ತಾರ ನೋಡಿ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವುದು. ಅದರಲ್ಲಿ ನೇರ ಗೆರೆ, ಅಡ್ಡ ಗೆರೆ, ತ್ರಿಕೋನಗಳೇ ಹೆಚ್ಚು. ಕೆಂಪು ಸೋಪಿನ ಮೇಲೆ ಬಿಳಿಯಲ್ಲಿ ಅದರ ಒಂದು ಅಂಚು ಬಂದರೂ ಸಾಕು, ಕಣ್ಣಿಗೆ ಕಟ್ಟುತ್ತದೆ.

540 ಗ್ರಾಂ ಪಾರದರ್ಶಕ ಬೇಸಿಗೆ ಕಡು ಕೆಂಪು, ಕಡು ನೀಲಿ ಅಥವಾ ಹಸಿರು ಪಿಗ್ಮೆಂಟ್ ಸೇರಿಸಿ, 60 ಡಿಗ್ರಿಯಲ್ಲಿ ಅಚ್ಚಿಗೆ ಹುಯ್ಯಿರಿ. ತೆಳು ಬಣ್ಣದ ಮೇಲೆ ಬಿಳಿ ಗೆರೆ ಎದ್ದು ಕಾಣುವುದಿಲ್ಲ. ನಾಲ್ಕು ಗಂಟೆ ಬಿಟ್ಟು ಬಿಡಿಸಿ. ಅಚ್ಚಿನ ತಳಕ್ಕೆ ತಾಗಿದ್ದ ಮುಖವೇ ನುಣುಪಾಗಿರುತ್ತದೆ. ರಂಗೋಲಿ ಅದರ ಮೇಲೆಯೇ.

ಕಾಗದದ ಮೇಲೆ ಬರೆದುಕೊಂಡ ಚಿತ್ತಾರವನ್ನು ಸೋಪಿನ ಮೇಲಿಟ್ಟು, ಚುಕ್ಕಿ ಇರುವಲ್ಲಿ ಹಲ್ಲುಕಡ್ಡಿಯಿಂದ ಚುಚ್ಚಿ ಗುರುತು ಮಾಡಿ. ಕಾಗದ ತೆಗೆದು, ಸ್ಟೀಲ್ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಒಂದೇ ಸಲ ಆಳಕ್ಕೆ ಹೋಗಬೇಡಿ. ಮೊದಲು ಮೇಲೆ ಮೇಲೆ, ಆಮೇಲೆ ಅದೇ ದಾರಿಯಲ್ಲಿ ಮತ್ತೆ ಎರಡು ಮೂರು ಸಲ. 2 ಮಿ.ಮೀ. ಅಗಲ, 2 ಮಿ.ಮೀ. ಆಳ ಬರಬೇಕು. ಅದಕ್ಕಿಂತ ತೆಳ್ಳಗಿದ್ದರೆ ನಾಲ್ಕು ಸಲ ಕೈ ತೊಳೆಯುವಷ್ಟರಲ್ಲಿ ರಂಗೋಲಿ ಮಾಯ. ಗೆರೆಯೊಳಗೆ ಉಳಿದ ಪುಡಿಯನ್ನು ಒಣ ಬ್ರಷ್‌ನಲ್ಲಿ ಪೂರ್ತಿ ತೆಗೆಯಿರಿ.

60 ಗ್ರಾಂ ಬಿಳಿ ಬೇಸ್ ಕರಗಿಸಿ 55 ಡಿಗ್ರಿಗೆ ಇಳಿಸಿ. ಸೋಪಿನ ಮೇಲೆ ಸ್ಪಿರಿಟ್ ಸ್ಪ್ರೇ ಮಾಡಿ, ಸಿರಿಂಜಿನಿಂದ ಗೆರೆಗಳ ಉದ್ದಕ್ಕೂ ಬಿಳಿ ಬಿಡಿ. ಅಚ್ಚುಕಟ್ಟಾಗಿ ಬಿಡಬೇಕೆಂದೇನಿಲ್ಲ. ಗೆರೆಯ ಹೊರಗೆ ಚೆಲ್ಲಿದರೂ ಪರವಾಗಿಲ್ಲ, ಗೆರೆ ತುಂಬಿ ಉಬ್ಬಬೇಕು. ಆರುವಾಗ ಬಿಳಿ ಸ್ವಲ್ಪ ಕುಗ್ಗುತ್ತದೆ. ಇಲ್ಲಿ 50ರ ಬದಲು 55 ಹೇಳಿದ್ದಕ್ಕೆ ಕಾರಣವಿದೆ: ಸಿರಿಂಜಿನೊಳಗೇ ಸೋಪು ಬೇಗ ಆರಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಬಿಸಿ ನೀರಿನ ಲೋಟದಲ್ಲಿ ಅದ್ದಿ.

ಹದಿನೈದು ನಿಮಿಷ ಬಿಟ್ಟು, ಸ್ಕೇಲನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು, ಮೇಲೆ ಚೆಲ್ಲಿದ ಬಿಳಿಯನ್ನು ಹೆರೆಯಿರಿ. ಕಸಿವಿಸಿಯಾಗಿದ್ದ ಬಿಳಿ ಹೋಗಿ ಒಳಗಿನ ರಂಗೋಲಿ ಮೇಲೆ ಬರುತ್ತದೆ. ಈ ಇಡೀ ಕೆಲಸದಲ್ಲಿ ಮಕ್ಕಳಿಗೆ ತೋರಿಸಬೇಕಾದ ಗಳಿಗೆ ಇದು. ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೇ ದಿಕ್ಕಿಗೆ ಒರೆಸಿ.

ಸಂಕ್ರಾಂತಿಗೆ ಸಕ್ಕರೆ ಅಚ್ಚಿನ ಆಕಾರ

ಮರದ ಸಕ್ಕರೆ ಅಚ್ಚಿನಲ್ಲಿ ನೇರವಾಗಿ ಸೋಪು ಹುಯ್ಯಬೇಡಿ. ಮರ ಸೋಪನ್ನು ಹಿಡಿದುಕೊಳ್ಳುತ್ತದೆ, ಗಿಣಿಯ ಮೂತಿ, ಆನೆಯ ಸೊಂಡಿಲು ಒಳಗೇ ಮುರಿಯುತ್ತದೆ. ಅಜ್ಜಿ ಕಾಲದ ಅಚ್ಚು ಆದರಂತೂ ಸೋಪು ಹತ್ತಿರ ತರುವುದೂ ಬೇಡ. ಅದರ ಬದಲು, ಮಾಡಿದ ಸಕ್ಕರೆ ಅಚ್ಚಿನ ಒಂದು ಗೊಂಬೆ ತೆಗೆದುಕೊಳ್ಳಿ. ಎರಡು ಭಾಗದ ಸಿಲಿಕೋನ್ ಪುಟ್ಟಿಯನ್ನು ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ಸಮಸಮ, ಬೇಗ ಬೇಗ ಕಲಸಿ. ಗೊಂಬೆಯನ್ನು ಅರ್ಧದವರೆಗೆ ಒತ್ತಿ, ಗಟ್ಟಿಯಾಗಲು ಬಿಡಿ. ಸಕ್ಕರೆ ಗೊಂಬೆ ಮುರಿದುಹೋದರೂ ಚಿಂತೆಯಿಲ್ಲ, ಬಿಸಿ ನೀರಲ್ಲಿ ತೊಳೆದರೆ ಕರಗಿಹೋಗುತ್ತದೆ. ನಿಮ್ಮ ಮನೆಯ ಅಚ್ಚಿನದೇ ಆಕಾರದ ಸೋಪಿನ ಅಚ್ಚು ಸಿದ್ಧ. ಪುಟ್ಟಿಗೆ ತಾಗಿದ ಗೊಂಬೆಯನ್ನು ತಿನ್ನಬಾರದು, ಅಷ್ಟೇ.

ಇನ್ನೊಂದು ಎಚ್ಚರ. ಇಂಥ ಸೋಪನ್ನು ಮಕ್ಕಳು ಬಾಯಿಗೆ ಹಾಕಿಯೇ ಹಾಕುತ್ತಾರೆ. ಬಿಳಿ, ಹಳದಿ, ಗುಲಾಬಿ ಸಕ್ಕರೆ ಅಚ್ಚುಗಳು ಸಿಗುವುದರಿಂದ ಸೋಪಿಗೆ ಆ ಬಣ್ಣ ಬೇಡ. ಕಡು ನೀಲಿಯೋ ಕಪ್ಪೋ ಮಾಡಿ. ಎಳ್ಳುಬೆಲ್ಲದ ತಟ್ಟೆಯಲ್ಲಿ, ಕಬ್ಬಿನ ಪಕ್ಕದಲ್ಲಿ ಇಡಲೇಬೇಡಿ. ಎರಡು ಮೂರು ವರ್ಷದ ಮಗು ಇರುವ ಮನೆಗೆ ರಂಗೋಲಿ ಸೋಪನ್ನೇ ಕೊಡಿ.

ಬೆವರುವ ಸೋಪು, ಪ್ಯಾಕಿಂಗ್

ಈ ಸೋಪಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ದೀಪಾವಳಿ ಹೊತ್ತಿಗೆ ಹಿಂಗಾರು ಮಳೆ ಇರುವುದುಂಟು. ಮಂಗಳೂರು, ಕಾರವಾರದ ಕಡೆ ಮಳೆ ಇಲ್ಲದಿದ್ದರೂ ತೇವ. ಹೊರಗಿಟ್ಟ ಸೋಪಿನ ಮೇಲೆ ಒಂದೇ ರಾತ್ರಿಗೆ ಇಬ್ಬನಿಯಂತೆ ಹನಿ ಕೂರುತ್ತದೆ. ಸೋಪು ಕೆಟ್ಟಿಲ್ಲ, ಆದರೆ ಉಡುಗೊರೆಯಾಗಿ ನೋಡಲು ಚೆನ್ನಾಗಿರುವುದಿಲ್ಲ. ಫ್ಯಾನಿನ ಗಾಳಿಗೆ ಇಟ್ಟು ಒಣಗಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಸುತ್ತಿಬಿಡಿ.

ಪೂರ್ತಿ ಆರಿದ ಕೂಡಲೇ ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಸುತ್ತುವುದೇ ಇದಕ್ಕೆ ಮದ್ದು. ರಂಗೋಲಿ ಸೋಪಿಗೆ ಇದು ಸಲೀಸು. ಮುಖದ ಮೇಲೆ ಫಿಲ್ಮ್ ಎಳೆದು, ಹಿಂದೆ ಮಡಚಿ, ಅಲ್ಲಿ ಲೇಬಲ್ ಅಂಟಿಸಿ. ಹಣತೆಗೆ ಜ್ವಾಲೆ ಇರುವುದರಿಂದ ಹಾಗೆ ಸುತ್ತಲು ಬರುವುದಿಲ್ಲ. ಬಿಗಿ ಮುಚ್ಚಳದ ಸಣ್ಣ ಪಾರದರ್ಶಕ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸುತ್ತಿದ ಮೇಲೆ ಬಾಳೆನಾರು, ಬಟ್ಟೆ ಚೀಲ, ಏನು ಬೇಕಾದರೂ ಕಟ್ಟಿ.

ಲೇಬಲ್ಲಿನಲ್ಲಿ ಯಾವ ಬೇಸ್, ಯಾವ ಪರಿಮಳ, ಮಾಡಿದ ದಿನ, 'ಇದು ಸೋಪು, ತಿನ್ನುವುದಲ್ಲ, ದೀಪ ಹಚ್ಚುವುದಲ್ಲ' ಎಂದು ಬರೆಯಿರಿ. ನಗಬೇಡಿ. ಹಣತೆ ಸೋಪಿಗೆ ಕಡ್ಡಿ ಗೀರುವವರು ಸಿಕ್ಕೇ ಸಿಗುತ್ತಾರೆ. ಬಳಸುವಾಗ ಕೆಳಗೆ ನೀರು ಬಸಿದುಹೋಗುವ ತಟ್ಟೆ ಇರಲಿ. ನೀರಲ್ಲಿ ಕೂತರೆ ಲೋಳೆಯಾಗುತ್ತದೆ. ಆರು ತಿಂಗಳೊಳಗೆ ಬಳಸಿದರೆ ಪರಿಮಳ ಚೆನ್ನಾಗಿರುತ್ತದೆ.

ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಶುರುಮಾಡಿ. ಮೊದಲು ಬಣ್ಣದ ಪರೀಕ್ಷೆ, ಅದಾದ ಮೇಲೆ ಒಂದು ದಿನ ಹಣತೆ, ಒಂದು ದಿನ ರಂಗೋಲಿ. ಚಕ್ಕುಲಿ, ಕಜ್ಜಾಯ ಕರಿಯುವ ದಿನ ಮಾತ್ರ ಸೋಪಿನ ಕೆಲಸ ಇಟ್ಟುಕೊಳ್ಳಬೇಡಿ. ಎಣ್ಣೆಯ ವಾಸನೆ ಸೋಪಿಗೆ, ಸೋಪಿನ ವಾಸನೆ ಕಜ್ಜಾಯಕ್ಕೆ.

ಸರಿ ಬಾರದಿದ್ದರೆ

ಪದರ ಬಿಟ್ಟುಕೊಂಡರೆ ಎರಡೂ ಮುಖ ಗೀರಿ, ಸ್ಪಿರಿಟ್ ಹೊಡೆದು, ನಡುವೆ 60 ಡಿಗ್ರಿಯ ಪಾರದರ್ಶಕ ಬೇಸ್ ತೆಳ್ಳಗೆ ಹಚ್ಚಿ ಒತ್ತಿ ಹಿಡಿಯಿರಿ. ಪಾರದರ್ಶಕ ಸೋಪು ಮಬ್ಬಾಗಿದ್ದರೆ ಪರಿಮಳದ ಎಣ್ಣೆ ಜಾಸ್ತಿಯಾಗಿದೆ, ಅಥವಾ ಬೇಗ ಆರಲೆಂದು ಫ್ರಿಜ್ಜಿನಲ್ಲಿ ಇಟ್ಟಿದ್ದೀರಿ. ನೊರೆಯೇ ಬರುತ್ತಿಲ್ಲ ಎಂದು ಯಾರಾದರೂ ದೂರಿದರೆ ಅವರ ಮನೆಯ ನೀರು ಕೇಳಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಯಾವ ಸೋಪೂ ನೊರೆ ಕೊಡಲು ಹಿಂದೇಟು ಹಾಕುತ್ತದೆ.

ಹೆರೆದ ತುಂಡು, ಮುರಿದ ಜ್ವಾಲೆ, ಬಣ್ಣ ತಪ್ಪಿದ್ದು ಎಲ್ಲವನ್ನೂ ಬಣ್ಣಬಣ್ಣದ ಚೂರು ಮಾಡಿ ಅಚ್ಚಿಗೆ ತುಂಬಿ. ಸ್ಪಿರಿಟ್ ಹೊಡೆದು, ಮೇಲಿಂದ 50 ಡಿಗ್ರಿಯ ಪಾರದರ್ಶಕ ಬೇಸ್ ಹುಯ್ಯಿರಿ. ಕತ್ತರಿಸಿದರೆ ಒಳಗೆ ಮೊಸಾಯಿಕ್ ನೆಲದಂತೆ ಕಾಣುತ್ತದೆ. ಎಷ್ಟೋ ಸಲ ನೆಂಟರು ಮೊದಲು ಕೈ ಹಾಕುವುದು ಇದಕ್ಕೇ.

ಚೆನ್ನಾಗಿ ಬಂತೆಂದು ಮಾರುವ ಯೋಚನೆ ಬಂದರೆ ಒಂದು ವಿಷಯ ಗಮನದಲ್ಲಿರಲಿ. ನಮ್ಮ ದೇಶದಲ್ಲಿ ಮೈ ಸೋಪು ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಮಾರಾಟಕ್ಕೆ ತಯಾರಿಸಲು ಲೈಸೆನ್ಸ್ ಬೇಕು. ಮನೆಯಲ್ಲಿ ಮಾಡಿದ್ದು, ಸಣ್ಣ ಪ್ರಮಾಣ ಎಂಬ ವಿನಾಯಿತಿ ಇದೆ ಎಂದುಕೊಂಡು ಆರ್ಡರ್ ತೆಗೆದುಕೊಳ್ಳಬೇಡಿ. ರಾಜ್ಯದ ಔಷಧ ನಿಯಂತ್ರಣ ಇಲಾಖೆಯಲ್ಲಿ ಮೊದಲು ವಿಚಾರಿಸಿ.